ಲೋಕಲ್ ಕಾಲ್, ರಿಮೋಟ್ ಕಾಲ್: ನನ್ನ ಓಟು ಲೋಕಲ್‌ಗೇ

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರಿಗೆ ಜಾವಾದಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಮೊದಲು ಎಲ್ಲ ಒಂದೇ ಕಂಪ್ಯೂಟರಿನಲ್ಲಿತ್ತು. ಗೋಡೌನ್ ಕುಶಾಲನಗರಕ್ಕೆ ಹೋದ ಮೇಲೆ ತೂಕದ ಭಾಗವನ್ನು ಅಲ್ಲಿಟ್ಟು ಆರ್‌ಎಂಐನಲ್ಲಿ (ಒಂದು ಜಾವಾ ಪ್ರೋಗ್ರಾಂ ಇನ್ನೊಂದು ಕಂಪ್ಯೂಟರಿನಲ್ಲಿರುವ ಕೋಡನ್ನು ನೆಟ್ ಮೇಲೆ ಕರೆಯುವ ವ್ಯವಸ್ಥೆ) ಕರೆಯಲು ಶುರು ಮಾಡಿದೆವು. ಒಂದೇ ಪ್ರೋಗ್ರಾಂನೊಳಗೆ ಕರೆದರೆ ಲೋಕಲ್ ಕಾಲ್, ಹೀಗೆ ಕರೆದರೆ ರಿಮೋಟ್ ಕಾಲ್. ಎರಡೂ ಓಡಿಸಿ ನೋಡಿದ್ದೇನೆ, ನನಗೆ ಲೋಕಲ್ಲೇ ಇಷ್ಟ. ಸ್ಪೀಡಿಗಲ್ಲ, ಪ್ಯಾರಾಮೀಟರ್, ಅಂದರೆ ಕರೆಯುವಾಗ ಕೊಟ್ಟು ಕಳಿಸುವ ಡೇಟಾದ ವಿಷಯಕ್ಕೆ.

ಇಂಟ್, ಡಬಲ್‌ನಂಥ ಬರೀ ಅಂಕಿಗಳು ಎರಡು ಕಡೆಯೂ ಕಾಪಿಯಾಗಿಯೇ ಹೋಗುತ್ತವೆ. ಅಲ್ಲೇನೂ ತಕರಾರಿಲ್ಲ.

ತಲೆನೋವೆಲ್ಲ ಆಬ್ಜೆಕ್ಟ್‌ನದು, ಅಂದರೆ ಹಲವು ವಿವರ ಒಟ್ಟಿಗೆ ಇರುವ ಡೇಟಾದ್ದು. ನಮ್ಮಲ್ಲಿ ತೇವಾಂಶ ಕಳೆಯುವ ಒಂದು ವಾಯ್ಡ್ ಮೆಥಡ್ (ಏನನ್ನೂ ವಾಪಸ್ ಕೊಡದ ಕೋಡ್ ತುಣುಕು) ಇದೆ. ಒಂದು ಲಾಟ್ ಕಾಫಿಯ ವಿವರವಿರುವ ಲಾಟ್ ಆಬ್ಜೆಕ್ಟ್ ಕೊಟ್ಟರೆ 1000 ಕೆಜಿಯನ್ನು 988 ಮಾಡುತ್ತದೆ ಅಂದುಕೊಳ್ಳಿ. ಲೋಕಲ್ ಕಾಲ್‌ನಲ್ಲಿ ಹೋಗುವುದು ರೆಫರೆನ್ಸ್‌ನ, ಅಂದರೆ ಆಬ್ಜೆಕ್ಟ್ ಎಲ್ಲಿದೆ ಎನ್ನುವ ಗುರುತಿನ ಕಾಪಿ. ಆಬ್ಜೆಕ್ಟ್ ಒಂದೇ, ಹಾಗಾಗಿ ಬಿಲ್ಲಿನಲ್ಲಿ 988 ಬರುತ್ತದೆ. ಆರ್‌ಎಂಐನಲ್ಲಿ ಲಾಟ್ ಸೀರಿಯಲೈಸ್ ಆಗಿ (ನೆಟ್ ಮೇಲೆ ಕಳಿಸಲು ಬೈಟ್‌ಗಳಾಗಿ), ಆ ಕಡೆ ಹೊಸ ಆಬ್ಜೆಕ್ಟ್ ಆಗುತ್ತದೆ. 988 ಬೀಳುವುದು ಅದರ ಮೇಲೆ. ಪಹಣಿಯ ಜೆರಾಕ್ಸ್ ಮೇಲೆ ತಿದ್ದಿದ ಹಾಗೆ. ಇಲ್ಲಿ ಬಿಲ್ಲು 1000 ಅಂತಲೇ ಪ್ರಿಂಟ್ ಆಗುತ್ತದೆ. ಕಂಪೈಲರ್ ಸುಮ್ನೆ ಇರುತ್ತದೆ, ಎಕ್ಸೆಪ್ಷನ್ (ಓಡುವಾಗ ಬರುವ ಎರರ್) ಕೂಡ ಇಲ್ಲ.

ತಿದ್ದಿದ ಲಾಟನ್ನು ರಿಟರ್ನ್ ಮಾಡಿದರೆ ಆಯ್ತಲ್ವಾ ಅನ್ನಬಹುದು. ವಾಪಸ್ ಬರುವುದೂ ಇನ್ನೊಂದು ಹೊಸ ಕಾಪಿಯೇ. ಸ್ಕ್ರೀನಿನ ಪಟ್ಟಿ, ದಿನದ ಲೆಕ್ಕ ಎಲ್ಲ ಹಳೇ ಆಬ್ಜೆಕ್ಟನ್ನೇ ಹಿಡಿದು ಕೂತಿರುತ್ತವೆ. ಲಾಟ್ ನಂಬರ್ ಹುಡುಕಿ ಒಂದೊಂದು ಕಡೆಯೂ ಬದಲಾಯಿಸಬೇಕು.

ಲಾಟನ್ನೇ ರಿಮೋಟ್ ಆಬ್ಜೆಕ್ಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಕಾಪಿ ಬದಲು ಸ್ಟಬ್ (ನಮ್ಮ ಆಬ್ಜೆಕ್ಟನ್ನೇ ನೆಟ್ ಮೇಲೆ ಕರೆಯುವ ಪ್ರತಿನಿಧಿ) ಹೋಗುತ್ತದೆ, ತಿದ್ದಿದ್ದು ನಮ್ಮದರಲ್ಲೇ ಕಾಣುತ್ತದೆ. ಆದರೆ ಗೋಡೌನಿನವರು ಒಂದು ತೂಕ ಓದಬೇಕೆಂದರೂ ನೆಟ್ ಮೇಲೆ ಗೋಣಿಕೊಪ್ಪಕ್ಕೆ ಬರಬೇಕು. ಮಳೆಗಾಲದಲ್ಲಿ ಇಲ್ಲಿನ ಕರೆಂಟು, ನೆಟ್ಟು ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾ? ಅರ್ಧ ಲೆಕ್ಕದಲ್ಲಿ ರಿಮೋಟ್‌ಎಕ್ಸೆಪ್ಷನ್ ಬಂದು ನಿಲ್ಲುತ್ತದೆ.

ಕಾಪಿಯಾಗಿ ಹೋಗುವ ಆಬ್ಜೆಕ್ಟ್‌ನ ಕ್ಲಾಸ್‌ಗೆ (ಅದರ ನಮೂನೆಗೆ) ಸೀರಿಯಲೈಸಬಲ್ ಅಂತ ಹಾಕದಿದ್ದರೆ ಕಾಲ್ ಹೋಗುವುದೇ ಇಲ್ಲ. ಅದು ವಾಸಿ, ತಪ್ಪು ಆಗಲೇ ಗೊತ್ತಾಗುತ್ತದೆ. ಟ್ರಾನ್ಸಿಯೆಂಟ್ (ಸೀರಿಯಲೈಸ್ ಮಾಡಬೇಡ) ಅಂತ ಬರೆದ ಆಬ್ಜೆಕ್ಟ್ ಫೀಲ್ಡ್ ಆ ಕಡೆ ನಲ್ (ಖಾಲಿ) ಆಗಿರುತ್ತದೆ. ರಿಮೋಟ್‌ನ ಪರವಾಗಿ ಒಂದು ಮಾತು: ಸ್ಟಬ್ ಅಲ್ಲದೆ ಕಾಪಿ ಹೋದಾಗ ಆ ಕಡೆಯ ಕೋಡ್ ಏನೇ ಎಡವಟ್ಟು ಮಾಡಿದರೂ ನಮ್ಮ ಡೇಟಾ ಕೆಡುವುದಿಲ್ಲ.

ನಾನು ಒಬ್ಬನೇ ನೋಡಿಕೊಳ್ಳುವವನು. ಆಬ್ಜೆಕ್ಟ್ ಕೊಟ್ಟು ಅದರಲ್ಲೇ ತುಂಬಿಸಿಕೊಳ್ಳುವ ಅಭ್ಯಾಸ ಹಳೆಯದು. ಎಲ್ಲ ಹೊಸದಾಗಿ ಬರೆಯಲು ಯಜಮಾನರು ದುಡ್ಡು ಕೊಡುವುದಿಲ್ಲ. ಹಾಗಾಗಿ ತೇವಾಂಶದ ಲೆಕ್ಕ ಮತ್ತೆ ಗೋಣಿಕೊಪ್ಪದ ಕಂಪ್ಯೂಟರಿಗೇ ಬಂದಿದೆ. ಕುಶಾಲನಗರಕ್ಕೆ ಈಗ ಹೋಗುವುದು ಲಾಟ್ ನಂಬರ್ ಮಾತ್ರ, ಅಲ್ಲಿಂದ ಬರುವುದು ತೂಕ, ತೇವಾಂಶದ ಎರಡು ಅಂಕಿ. ನಾಲ್ಕಾರು ಗೋಡೌನ್, ದೊಡ್ಡ ಟೀಮ್ ಇರುವವರು ಬೇಕಾದರೆ ರಿಮೋಟ್‌ಗೆ ಹೋಗಲಿ. ಅದಕ್ಕೆ ಮೊದಲು ಕೋಡಿನಲ್ಲಿರುವ ವಾಯ್ಡ್ ಮೆಥಡ್‌ಗಳನ್ನೆಲ್ಲ ಒಂದು ಸಲ ಹುಡುಕಿ ನೋಡಲಿ.