ಜೀರ್ಣೋದ್ಧಾರವಾಗದ ನಾಲ್ಕು ಮಸಲ್ ಕಾರುಗಳು: ಯಾವುದರ ಜಾತಕ ನಂಬಬಹುದು?

ಐವತ್ತು ವರ್ಷ ದಾಟಿದ ಅಮೆರಿಕನ್ ಮಸಲ್ ಕಾರನ್ನು, ಅಂದರೆ ದೊಡ್ಡ ಎಂಜಿನ್ನಿನ ಜೋರು ಗಾಡಿಯನ್ನು, ಬಿಚ್ಚಿ, ಉಜ್ಜಿ, ಹೊಸ ಬಣ್ಣ ಹೊಡೆಸಿ ಫಳಫಳ ಹೊಳೆಸಲು ದುಡ್ಡು ಮತ್ತು ಒಳ್ಳೆಯ ಗ್ಯಾರೇಜು ಇದ್ದರೆ ಸಾಕು. ಕಾರ್ಖಾನೆಯ ಬಣ್ಣ, ಸೀಟು, ವೈರಿಂಗು, ಎಂಜಿನ್ನು ಹಾಗೇ ಉಳಿದಿರುವ ಗಾಡಿಯನ್ನು ಮಾತ್ರ ಯಾರೂ ಮಾಡಿಕೊಡಲಾರರು. ಹುಡುಕಬೇಕು, ಸಿಕ್ಕಿದ್ದು ಅಸಲಿಯೇ ಎಂದು ತಿಕ್ಕಿ ನೋಡಬೇಕು, ಆಮೇಲೆ ಕೈ ತಡೆದುಕೊಂಡು ಕಾಪಾಡಬೇಕು.

ಇಲ್ಲಿ ಹೋಲಿಸುತ್ತಿರುವುದು ಸಂಗ್ರಹಕಾರರು ಹೆಚ್ಚಾಗಿ ಹುಡುಕುವ ನಾಲ್ಕು ಗಾಡಿಗಳನ್ನು: 1966–70ರ ಪಾಂಟಿಯಾಕ್ ಜಿಟಿಒ, 1968–70ರ ಷೆವರ್ಲೆ ಷೆವೆಲ್ ಎಸ್‌ಎಸ್, 1968–70ರ ಪ್ಲಿಮತ್ ರೋಡ್ ರನ್ನರ್, 1969–70ರ ಫೋರ್ಡ್ ಮಸ್ಟಾಂಗ್ ಮಾಕ್ 1. ಯಾವುದು ಜೋರಾಗಿ ಓಡುತ್ತದೆ ಎಂಬ ಜಗಳಕ್ಕೆ ಇಲ್ಲಿ ಜಾಗವಿಲ್ಲ. 1970ರ ಎಲ್‌ಎಸ್6 ಷೆವೆಲ್‌ಗೆ 450 ಅಶ್ವಶಕ್ತಿ ಇದ್ದದ್ದು ನಿಜ. ಆದರೆ ಎದುರಿಗೆ ನಿಂತಿರುವುದು ಎಲ್‌ಎಸ್6 ಹೌದೋ ಅಲ್ಲವೋ ಎನ್ನುವುದು ಅದಕ್ಕೂ ಮೊದಲಿನ ಪ್ರಶ್ನೆ.

ಕಾಗದಪತ್ರ: ಅಜಗಜಾಂತರ ಇರುವುದು ಇಲ್ಲೇ

ನಾಲ್ಕರಲ್ಲೂ ಮೊದಲು ಓದಬೇಕಾದದ್ದು ವಿನ್, ಅಂದರೆ ನಾವು ಚಾಸಿ ನಂಬರು ಎನ್ನುತ್ತೇವಲ್ಲ, ಅದು. 1968ರಿಂದ ಅದರ ಪಟ್ಟಿ ಚಾಲಕನ ಕಡೆಯ ಗಾಜಿನ ಕೆಳಗೆ ಡ್ಯಾಶ್ ಮೇಲೆ ಕಾಣುತ್ತದೆ. ಅದು ಎಷ್ಟು ಹೇಳುತ್ತದೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಜಿಟಿಒ 1964 ಮತ್ತು 65ರಲ್ಲಿ ಪಾಂಟಿಯಾಕ್‌ನದೇ ಲೆಮಾನ್ಸ್ ಗಾಡಿಯ ಮೇಲೆ ಹೆಚ್ಚು ದುಡ್ಡು ಕೊಟ್ಟು ಹಾಕಿಸುವ ಆಯ್ಕೆ ಮಾತ್ರವಾಗಿತ್ತು. 1965ರ ವಿನ್ 237 ಎಂದು ಆರಂಭವಾದರೆ ಅದು ಜಿಟಿಒ ಆಗಿರಲೂಬಹುದು, ಬರೀ ಲೆಮಾನ್ಸ್ ಆಗಿರಲೂಬಹುದು. 1966ರಲ್ಲಿ ಅದು ಪ್ರತ್ಯೇಕ ಮಾದರಿಯಾಯಿತು. 242 ಎಂದು ಆರಂಭವಾದರೆ ಅರ್ಧ ಚಿಂತೆ ಮುಗಿಯಿತು. ಉಳಿದರ್ಧಕ್ಕೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಇದೆ. 1961ರಿಂದೀಚಿನ ಮಾದರಿಗಳ ಕಾರ್ಖಾನೆ ಬಿಲ್ಲಿನ ದಾಖಲೆ ಅವರಲ್ಲಿದೆ. ವಿನ್ ಕೊಟ್ಟರೆ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಬಣ್ಣ, ಕಾರ್ಖಾನೆಯಲ್ಲಿ ಹಾಕಿದ ಪ್ರತಿ ಆಯ್ಕೆಯ ಪಟ್ಟಿ ಬರುತ್ತದೆ. 1969ರ ‘ಜಡ್ಜ್’ ಎಂಬ ಜಿಟಿಒದ ವಿಶೇಷ ರೂಪ ಕೂಡ ಆಯ್ಕೆಯೇ ಆಗಿದ್ದರಿಂದ ವಿನ್‌ನಲ್ಲಿ ಅದರ ಸುಳಿವಿಲ್ಲ. ಸ್ಟಿಕ್ಕರು, ಹಿಂದಿನ ರೆಕ್ಕೆ ಅಂಟಿಸಿದ ನಕಲಿ ಜಡ್ಜ್‌ಗಳು ಬೇಕಾದಷ್ಟಿವೆ. ಈ ದಾಖಲೆ ಇಲ್ಲದೆ ಜಡ್ಜ್‌ನ ಬೆಲೆ ಕೇಳುವವರ ಜೊತೆ ಮಾತು ಮುಂದುವರಿಸಬೇಕಿಲ್ಲ.

ಮಸ್ಟಾಂಗ್‌ಗೂ ಅಂಥದ್ದೇ ಅನುಕೂಲವಿದೆ. 1967ರಿಂದೀಚಿನ ಫೋರ್ಡ್ ಉತ್ಪಾದನಾ ದಾಖಲೆಯಿಂದ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಗಾಡಿ ತಯಾರಾದ ದಿನ, ಹೋದ ಡೀಲರು, ಆಯ್ಕೆಗಳು ಎಲ್ಲ ಅದರಲ್ಲಿರುತ್ತವೆ. ಫೋರ್ಡ್ ವಿನ್‌ನ ಐದನೆಯ ಅಕ್ಷರವೇ ಎಂಜಿನ್ ಹೇಳುತ್ತದೆ: 1969ರಲ್ಲಿ ಆರ್ ಎಂದರೆ ರ‍್ಯಾಮ್ ಏರ್ (ಬಾನೆಟ್ ಮೇಲಿನ ಕಿಂಡಿಯಿಂದ ಎಂಜಿನ್ನಿಗೆ ಹೊರಗಾಳಿ ಕೊಡುವ ವ್ಯವಸ್ಥೆ) ಇರುವ 428 ಕೋಬ್ರಾ ಜೆಟ್ (ಇಂಥ ಅಂಕಿಗಳು ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ), ಕ್ಯೂ ಎಂದರೆ ರ‍್ಯಾಮ್ ಏರ್ ಇಲ್ಲದ್ದು, ಎಸ್ ಎಂದರೆ 390. 1969ರ ಮಾಕ್ 1ರ ವಿನ್‌ನಲ್ಲಿ ಸಾದಾ ಫಾಸ್ಟ್‌ಬ್ಯಾಕ್‌ನ 02 ಸಂಖ್ಯೆಯೇ ಇರುತ್ತದೆ. ಬಾಗಿಲಿನ ಪಟ್ಟಿಯಲ್ಲಿ 63ಸಿ ಎಂದಿದೆಯೇ ನೋಡಿ. 1970ರಲ್ಲಿ ಮಾಕ್ 1ಗೆ 05 ಎಂಬ ಸ್ವಂತ ಸಂಖ್ಯೆ ಬಂತು.

ರೋಡ್ ರನ್ನರ್‌ಗೆ ಕೇಂದ್ರ ದಾಖಲೆಯ ಆಸರೆ ಇಲ್ಲ, ಆದರೆ ಗಾಡಿಯೇ ಬಾಯಿ ಬಿಡುತ್ತದೆ. ವಿನ್ ಆರ್‌ಎಂ21 ಅಥವಾ ಆರ್‌ಎಂ23 (ಕನ್ವರ್ಟಿಬಲ್ ಆದರೆ ಆರ್‌ಎಂ27) ಎಂದು ಆರಂಭವಾಗಬೇಕು. ಐದನೆಯ ಅಕ್ಷರ ಎಂಜಿನ್ನಿನದು. 1969ರಲ್ಲಿ ಎಚ್ ಎಂದರೆ 383, ಎಂ ಎಂದರೆ ಮೂರು ಕಾರ್ಬ್ಯುರೇಟರ್‌ಗಳ 440, ಜೆ ಎಂದರೆ 426 ಹೆಮಿ. 1970ರಲ್ಲಿ ಅಕ್ಷರಗಳು ಬದಲಾದವು: 383ಗೆ ಎನ್, 440ಗೆ ವಿ, ಹೆಮಿಗೆ ಆರ್. 1969ರ ಪಟ್ಟಿ ಹಿಡಿದು 1970ರ ಗಾಡಿ ಓದಿ ಮೋಸಹೋದವರು ಉಂಟು. ಬಾನೆಟ್ ಎತ್ತಿದರೆ ಚಾಲಕನ ಕಡೆಯ ಒಳ ಫೆಂಡರ್ ಮೇಲೆ ಎರಡು ಸ್ಕ್ರೂ ಹಾಕಿದ ಪುಟ್ಟ ತಗಡು ಇರುತ್ತದೆ, ಫೆಂಡರ್ ಟ್ಯಾಗ್. ಅದರ ಮೇಲೆ ಇ63 ಇದ್ದರೆ 383, ಡಿ21 ಇದ್ದರೆ ನಾಲ್ಕು ಗೇರು, ಡಿ32 ಇದ್ದರೆ ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್. ಹೊಸ ಟ್ಯಾಗ್ ಮುದ್ರಿಸಿಕೊಡುವವರೂ ಇದ್ದಾರೆ, ಹಾಗಾಗಿ ಅದೊಂದನ್ನೇ ನೆಚ್ಚುವಂತಿಲ್ಲ. ರೇಡಿಯೇಟರ್ ಹಿಡಿದಿರುವ ಚೌಕಟ್ಟಿನ ಮೇಲೂ ಡಿಕ್ಕಿಯ ಅಂಚಿನ ಮೇಲೂ ವಿನ್‌ನ ಕೊನೆಯ ಭಾಗ ಒತ್ತಿರುತ್ತದೆ. ಕಾರ್ಖಾನೆಯ ಬಣ್ಣದ ಅಡಿಯಲ್ಲಿ ಆ ಎರಡೂ ಕಂಡರೆ ಗಾಡಿ ತನ್ನ ಹೆಸರನ್ನು ತಾನೇ ಹೇಳಿದಂತೆ.

ಷೆವೆಲ್ ವಿಷಯಕ್ಕೆ ಬಂದರೆ ಕಷ್ಟ. 1968ರವರೆಗೆ ಎಸ್‌ಎಸ್ 396ರ ವಿನ್ 138 ಎಂದು ಆರಂಭವಾಗುತ್ತಿತ್ತು; ಹಾಗಾಗಿ 1968ರ ಗಾಡಿ ಪರವಾಗಿಲ್ಲ. 1969ರಿಂದ ಎಸ್‌ಎಸ್ ಬರೀ ಆಯ್ಕೆಯಾಯಿತು. ವಿನ್ ಹೆಚ್ಚಾಗಿ 136 ಎಂದಿರುತ್ತದೆ, ಷೆವೆಲ್‌ನ ಸಾದಾ ರೂಪವಾದ ಮಲಿಬು ಗಾಡಿಯದೂ ಅದೇ. ಅಮೆರಿಕದಲ್ಲಿ ಮಾರಿದ ಷೆವೆಲ್‌ಗೆ ಪಾಂಟಿಯಾಕ್‌ನಂಥ ದಾಖಲೆ ಇಲ್ಲ; ಕೆನಡಾದಲ್ಲಿ ಹೊಸದಾಗಿ ಮಾರಿದ್ದಕ್ಕೆ ಜಿಎಂ (ಜನರಲ್ ಮೋಟರ್ಸ್) ಕೆನಡಾ ಕೊಡುತ್ತದೆ. ಉಳಿದಿರುವುದು ಬಿಲ್ಡ್ ಶೀಟ್ (ಗಾಡಿಗೆ ಏನೇನು ಜೋಡಿಸಬೇಕೆಂದು ಕಾರ್ಖಾನೆಯಲ್ಲಿ ಮುದ್ರಿಸಿದ ಹಾಳೆ) ಮತ್ತು ವಾರಂಟಿ ಪುಸ್ತಕದಲ್ಲಿ ಅಂಟಿಸಿದ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಲೋಹದ ಪಟ್ಟಿ, ಎರಡೇ. ಪಟ್ಟಿಯಲ್ಲಿ ವಿನ್ ಜೊತೆ ಎಂಜಿನ್ ಮತ್ತು ಆಕ್ಸಲ್ ಸಂಕೇತ ಉಬ್ಬಿಸಿರುತ್ತದೆ.

ಬಿಲ್ಡ್ ಶೀಟ್ ಹುಡುಕುವಾಗ ಅವಸರ ಬೇಡ. ಷೆವೆಲ್‌ನಲ್ಲಿ ಅದು ಸಾಮಾನ್ಯವಾಗಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ, ಪ್ಲಿಮತ್‌ನಲ್ಲಿ ಹಿಂಬದಿ ಸೀಟಿನ ಸ್ಪ್ರಿಂಗುಗಳ ನಡುವೆ. ಸೀಟನ್ನು ಹಿಂದಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕೊಕ್ಕೆ ಬಿಡುತ್ತದೆ. ಕಾಗದ ಕಂಡ ಕೂಡಲೇ ಎಳೆಯಬೇಡಿ. ಇದ್ದಲ್ಲೇ ಫೋಟೊ ತೆಗೆದು ಆಮೇಲೆ ಬಿಡಿಸಿ, ಆಮ್ಲರಹಿತ ಹಾಳೆಯ ನಡುವೆ ಇಡಿ. ಇಲಿಗಳಿಗೂ ಈ ಕಾಗದ ಬಹಳ ಇಷ್ಟ; ಎಷ್ಟೋ ಸಲ ಸಿಗುವುದು ಕಾಲುಭಾಗ. ಸಿಕ್ಕ ಕಾಗದ ಅದೇ ಗಾಡಿಯದಾಗಿರಬೇಕೆಂದೂ ಇಲ್ಲ. ಕಾರ್ಖಾನೆಯಲ್ಲಿ ಒಂದರ ಹಾಳೆ ಇನ್ನೊಂದರಲ್ಲಿ ಉಳಿದದ್ದುಂಟು, ವಿನ್ ತಾಳೆ ಹಾಕಿ.

ಕಾಗದ ಇಲ್ಲದ 1970ರ ಷೆವೆಲ್‌ನಲ್ಲಿ ಅಡಿಗೆ ಮಲಗಿ ನೋಡುವುದೊಂದೇ ದಾರಿ: ಹಿಂದಿನ ಆಕ್ಸಲ್ 12 ಬೋಲ್ಟಿನದೇ, ಪೆಟ್ರೋಲ್ ಕೊಳವೆ 3/8 ಇಂಚಿನದೇ, ಹಿಂದೆ ಸ್ವೇ ಬಾರ್ ಇದೆಯೇ. ಇವೆಲ್ಲ ಇದ್ದರೆ ಎಸ್‌ಎಸ್ ಆಗಿರಬಹುದು ಎನ್ನಬಹುದು, ಅಷ್ಟೆ. ಮೂರನ್ನೂ ಒಂದು ವಾರದಲ್ಲಿ ಜೋಡಿಸಬಹುದು.

ಎಂಜಿನ್ ಮೇಲಿನ ಮುದ್ರೆ

ಬ್ಲಾಕ್ ಎರಕದ ದಿನ, ಎಂಜಿನ್ ಜೋಡಿಸಿದ ದಿನ, ಗಾಡಿ ತಯಾರಾದ ದಿನ, ಈ ಮೂರೂ ಇದೇ ಕ್ರಮದಲ್ಲಿರಬೇಕು, ನಡುವೆ ಕೆಲವು ದಿನದಿಂದ ಕೆಲವು ವಾರಗಳ ಅಂತರ ಇರಬೇಕು. ಬರೆಯುವ ರೀತಿ ಬೇರೆಬೇರೆ. ಷೆವರ್ಲೆಯಲ್ಲಿ ತಿಂಗಳ ಅಕ್ಷರ ಮೊದಲು: ಸಿ 12 0 ಎಂದರೆ 1970ರ ಮಾರ್ಚ್ 12. ಫೋರ್ಡ್‌ನಲ್ಲಿ ವರ್ಷ ಮೊದಲು: 9ಬಿ12 ಎಂದರೆ 1969ರ ಫೆಬ್ರುವರಿ 12. ಫೋರ್ಡ್ ತಿಂಗಳಿಗೆ ಐ ಅಕ್ಷರ ಬಳಸುವುದಿಲ್ಲ, ಹಾಗಾಗಿ ಜೆ ಎಂದರೆ ಸೆಪ್ಟೆಂಬರ್.

ಷೆವಿಯ, ಅಂದರೆ ಷೆವರ್ಲೆಯ, ದೊಡ್ಡ ಎಂಜಿನ್ನಿನಲ್ಲಿ ಪ್ರಯಾಣಿಕನ ಕಡೆಯ ಹೆಡ್‌ನ ಮುಂದಿರುವ ಸಮತಟ್ಟು ಜಾಗದಲ್ಲಿ ಮುದ್ರೆ ಇರುತ್ತದೆ: ಟಿ0312 ಎಂದರೆ ಟೊನವಾಂಡಾ ಕಾರ್ಖಾನೆ, ಮಾರ್ಚ್ 12, ಅದರ ಬೆನ್ನಿಗೆ ಎಂಜಿನ್ ಸಂಕೇತ. ಅಕ್ಷರಕ್ಕಿಂತ ಅದರ ಕೆಳಗಿನ ಲೋಹವನ್ನು ದಿಟ್ಟಿಸಿ. ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳು ಮುಂದಿನಿಂದ ಹಿಂದಕ್ಕೆ ಓಡಬೇಕು. ಗೆರೆ ಇಲ್ಲದೆ ನುಣ್ಣಗಿದ್ದರೆ, ಅಥವಾ ಸುತ್ತಿಕೊಂಡಂತೆ ಗೀರು ಕಂಡರೆ ಯಾರೋ ಸಾಣೆ ಹಿಡಿದಿದ್ದಾರೆ. ಎಲ್ಲ ಸಲವೂ ಮೋಸವೇ ಎನ್ನಲಾಗದು, ಎಂಜಿನ್ ಬಿಚ್ಚಿದಾಗ ಮೇಲ್ಮೈ ಮಟ್ಟ ಮಾಡುವವರೂ ಗೆರೆ ಅಳಿಸುತ್ತಾರೆ. ಆದರೆ ಅಳಿಸಿದ ಮೇಲೆ ಪ್ರಮಾಣ ಹೋಯಿತು. ಪಾಂಟಿಯಾಕ್‌ನಲ್ಲಿ ಬ್ಲಾಕಿನ ಮುಂಭಾಗದ ಬಲಗಡೆ ಎರಡಕ್ಷರದ ಸಂಕೇತ: 1968–69ರ 350 ಅಶ್ವಶಕ್ತಿಯ 400ಕ್ಕೆ ಮ್ಯಾನುಯಲ್ ಆದರೆ ಡಬ್ಲ್ಯುಟಿ, ಆಟೊಮ್ಯಾಟಿಕ್ ಆದರೆ ವೈಎಸ್. ಪ್ಲಿಮತ್‌ನ ದೊಡ್ಡ ಬ್ಲಾಕಿನಲ್ಲಿ ಪ್ರಯಾಣಿಕನ ಕಡೆ, ಆಯಿಲ್ ಪ್ಯಾನ್ ಅಂಚಿನ ಹತ್ತಿರ ಒತ್ತಿರುತ್ತಾರೆ. ಎಣ್ಣೆಯ ಜಿಡ್ಡು ಕೂತಿರುವುದರಿಂದ ಮರದ ಚಕ್ಕೆಯಲ್ಲಿ ಕೆರೆಯಿರಿ, ತಂತಿ ಬ್ರಷ್ ಬೇಡ.

ಬಣ್ಣ

ಬಣ್ಣದ ದಪ್ಪ ಅಳೆಯುವ ಮೀಟರ್ ಇಲ್ಲದೆ ಹೊರಡಬೇಡಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100–150 ಮೈಕ್ರಾನ್ ದಪ್ಪ. 200 ದಾಟಿದರೆ ಮತ್ತೆ ಬಳಿದದ್ದು, 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಒಂದು ಫಲಕಕ್ಕೆ ಕನಿಷ್ಠ ಆರು ಕಡೆ ಅಳೆಯಿರಿ, ಅಂಚುಗಳನ್ನು ಬಿಡಬೇಡಿ. ತುಂಬ ಕಡಿಮೆ ಬಂದರೂ ಹಿಗ್ಗುವಂತಿಲ್ಲ: 60–70 ಎಂದರೆ ಪಾಲಿಶ್ ಮಾಡಿಮಾಡಿ ಸವೆಸಿದ್ದಾರೆ, ಇನ್ನೊಂದು ಸಲ ತಿಕ್ಕಿದರೆ ಪ್ರೈಮರ್ ಇಣುಕುತ್ತದೆ.

ಜಿಎಂ ಗಾಡಿಗಳಿಗೆ, ಅಂದರೆ ಜಿಟಿಒ ಮತ್ತು ಷೆವೆಲ್‌ಗೆ, ಅಕ್ರಿಲಿಕ್ ಲ್ಯಾಕರ್ ಹೊಡೆಯುತ್ತಿದ್ದರು. ಫೋರ್ಡ್ ಮತ್ತು ಪ್ಲಿಮತ್‌ನ ಒಡೆಯ ಕಂಪನಿ ಕ್ರೈಸ್ಲರ್ ಬಳಸುತ್ತಿದ್ದದ್ದು ಎನಾಮೆಲ್. ಲ್ಯಾಕರ್ ಹಳತಾದಾಗ ಒಣಗಿದ ಕೆರೆಯ ತಳದಂತೆ ಬಿರಿಯುತ್ತದೆ. ಆ ಬಿರುಕನ್ನು ಮುಚ್ಚಲು ಉಪಾಯವಿಲ್ಲ, ಬಿಸಿಲಿಗೆ ಇಟ್ಟಷ್ಟೂ ಹೆಚ್ಚುತ್ತದೆ. ಎನಾಮೆಲ್ ಬಿರಿಯುವುದಕ್ಕಿಂತ ಸುಣ್ಣದಂತೆ ಮಂಕಾಗುತ್ತದೆ, ಅದನ್ನು ಎಬ್ಬಿಸಬಹುದು. ಹಾಗಾಗಿ ಬಣ್ಣ ಉಳಿಸಿಕೊಳ್ಳುವ ಲೆಕ್ಕದಲ್ಲಿ ರೋಡ್ ರನ್ನರ್, ಮಸ್ಟಾಂಗ್ ಮುಂದು. 1968ರಿಂದೀಚಿನ ಜಿಟಿಒಗೆ ಇನ್ನೊಂದು ತಲೆನೋವು: ಮೂತಿಯ ಎಂಡ್ಯೂರಾ ಬಂಪರ್ ರಬ್ಬರಿನಂಥದು, ಅದರ ಮೇಲಿನ ಬಣ್ಣ ಉಳಿದ ಮೈಗಿಂತ ಬೇರೆಯಾಗಿ ಮಾಸುತ್ತದೆ. ಮೂತಿಯ ಬಣ್ಣ ಬಾನೆಟ್‌ಗೆ ಪೂರ್ತಿ ಹೊಂದಿಕೊಂಡಿದ್ದರೆ ಸಂಶಯಪಡಿ.

ನಾಲ್ಕರಲ್ಲೂ ಮೇಲೆ ಪಾರದರ್ಶಕ ಪದರವಿಲ್ಲ, ತೊಳೆದು ತಿಕ್ಕಿದರೆ ಬಟ್ಟೆಗೆ ಬಣ್ಣ ಬರುತ್ತದೆ. ಅದು ತಪ್ಪಲ್ಲ. ಕಾಂಪೌಂಡು, ಬಫಿಂಗ್ ಯಂತ್ರ ಎರಡೂ ಬೇಡ. ಮೆಗೈಯರ್ಸ್ ನಂ. 7ರಂಥ ಎಣ್ಣೆಯುಕ್ತ ಗ್ಲೇಜನ್ನು ಹತ್ತಿ ಟವೆಲಿನಲ್ಲಿ ಧಾರಾಳವಾಗಿ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒರೆಸಿ. ಎರಡು ಮೂರು ಸಲ ಮಾಡಿದ ಮೇಲಷ್ಟೇ ಮೇಣ.

ತುಕ್ಕು

ಇಲ್ಲಿ ಕ್ರಮ ತಲೆಕೆಳಗಾಗುತ್ತದೆ. ಮಸ್ಟಾಂಗ್‌ಗೆ ಕಾಗದ ಎಷ್ಟು ಗಟ್ಟಿಯೋ ಮೈ ಅಷ್ಟು ಟೊಳ್ಳು. ಗಾಜಿನ ಮುಂದೆ ಗಾಳಿ ಒಳಬರುವ ತಗಡಿನ ಪೆಟ್ಟಿಗೆ, ಅಂದರೆ ಕೌಲ್, ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅದರ ಕಿಂಡಿಗಳಿಗೆ ಎರಡು ನಿಮಿಷ ಪೈಪಿನಲ್ಲಿ ನೀರು ಬಿಟ್ಟು, ಟಾರ್ಚು ಹಿಡಿದು ಡ್ಯಾಶ್ ಅಡಿಗೆ ಇಣುಕಿ. ತೊಟ್ಟಿಕ್ಕಿದರೆ ಕೌಲ್ ಬಿಚ್ಚಬೇಕು. ಬಿಚ್ಚಲು ಸಾಲುಸಾಲು ಸ್ಪಾಟ್ ವೆಲ್ಡ್ ಕೊರೆಯಬೇಕು. ಕೊರೆದ ಮೇಲೆ ಅಲ್ಲಿ ಕಾರ್ಖಾನೆಯ ಬಣ್ಣ ಉಳಿಯದು. ಅಂದರೆ ಸೋರುವ ಕೌಲ್ ಇರುವ ಮಾಕ್ 1ಅನ್ನು ರಿಪೇರಿ ಮಾಡಿದರೆ ಅದು ನಮ್ಮ ಪಟ್ಟಿಯಿಂದಲೇ ಹೊರಗೆ. ಮುಂದಿನ ಶಾಕ್ ಟವರ್‌ಗಳಲ್ಲಿ ಬಿರುಕು, ಮೂಲೆಯ ಟಾರ್ಕ್ ಬಾಕ್ಸ್‌ಗಳಲ್ಲಿ ತೂತು ಇದೆಯೇ ಎಂದೂ ನೋಡಿ.

ರೋಡ್ ರನ್ನರ್‌ನಲ್ಲಿ ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಶನ್ ಬಾರ್‌ನ ಹಿಂಬದಿಯನ್ನು ಹಿಡಿದಿರುವ ಅಡ್ಡಪಟ್ಟಿಯೇ ಮರ್ಮಸ್ಥಾನ. ಅದು ಕರಗಿದ್ದರೆ ವಾಪಸ್ ಬನ್ನಿ. ಜಿಎಂ ಜೋಡಿಗೆ ಪ್ರತ್ಯೇಕ ಚೌಕಟ್ಟಿದೆ, ಬಾಡಿ ಸ್ವಲ್ಪ ಹಾಳಾದರೂ ಗಾಡಿ ನಿಲ್ಲುತ್ತದೆ. ಹಿಂದಿನ ಆಕ್ಸಲ್ ಬಳಿ ಚೌಕಟ್ಟನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ: ಠಣ್ ಎಂದರೆ ಸರಿ, ದಬ್ ಎಂದರೆ ಪದರ ಎದ್ದಿದೆ. ವಿನೈಲ್ ಛಾವಣಿ ಇದ್ದರೆ ಯಾವ ಕಂಪನಿಯದಾದರೂ ಹಿಂದಿನ ಗಾಜಿನ ಕೆಳಮೂಲೆ ಒತ್ತಿ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊಗಿಂತ ಆರಿಜೋನಾದ ಗಾಡಿ ಮೇಲು. ಆದರೆ ಅಲ್ಲಿನ ಬಿಸಿಲು ಡ್ಯಾಶ್, ಸೀಟು ಎರಡನ್ನೂ ಸೀಳಿರುತ್ತದೆ.

ಎಬ್ಬಿಸುವಾಗ

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರ ಸೆಲ್ಫ್ ಹೊಡೆಯಬೇಡಿ. ಎಂಟೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ 15 ಮಿ.ಲೀ. ತೆಳು ಎಣ್ಣೆ ಬಿಟ್ಟು, ಮೂರು ದಿನ ಕಾದು, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ. ಡಿಸ್ಟ್ರಿಬ್ಯೂಟರ್ ಇದ್ದ ದಿಕ್ಕು ಗುರುತು ಹಾಕಿ ಹೊರತೆಗೆದು, ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ ಒತ್ತಡ ಬರಿಸಿ. ಷೆವಿಯಲ್ಲಿ ಗಡಿಯಾರದ ದಿಕ್ಕು. ಉಳಿದ ಮೂರರಲ್ಲಿ ಅದಕ್ಕೆ ವಿರುದ್ಧ. ಹಳೆಯ ಕ್ಯಾಮ್ ಇರುವುದರಿಂದ ಸುಮಾರು 1,200 ಪಿಪಿಎಂ ಝಿಂಕ್ ಇರುವ ಎಣ್ಣೆ ಬೇಕು. ಪೆಟ್ರೋಲನ್ನು ಹೊರಗಿನ ಕ್ಯಾನಿನಿಂದ ಕೊಡಿ.

ಪಾಂಟಿಯಾಕ್‌ನ ದೊಡ್ಡ ದೋಷ ಕಣ್ಣಿಗೆ ಬೀಳುವುದಿಲ್ಲ. ಕ್ಯಾಮ್ ಗೇರಿನ ಹಲ್ಲುಗಳಿಗೆ ನೈಲಾನ್ ಹೊದಿಕೆ. ಹಳತಾಗಿ ಚೂರುಚೂರಾಗಿ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಬೇರಿಂಗ್ ಒಣಗುತ್ತದೆ. ಓಡಿಸುವ ಮೊದಲು ಪ್ಯಾನ್ ಇಳಿಸಿ ಜಾಲರಿ ನೋಡುವುದು, ಗೇರು-ಚೈನು ಬದಲಿಸುವುದು ಕಡ್ಡಾಯ. ಅಸಲಿತನದ ಹೆಸರಿನಲ್ಲಿ ಇದನ್ನು ಬಿಟ್ಟರೆ ಅಸಲಿ ಎಂಜಿನ್ನೇ ಹೋಗುತ್ತದೆ. 1966ರ ಜಿಟಿಒದಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು, ನಾಲ್ಕೂ ಚಕ್ರಕ್ಕೆ ಡ್ರಮ್. ಎಲ್ಲಾದರೂ ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕಿಳಿಯುತ್ತದೆ. ಎರಡು ಕೋಣೆಯದು ಬಂದದ್ದು 1967ರಲ್ಲಿ.

ಪ್ಲಿಮತ್‌ನಲ್ಲಿ ಚಾರ್ಜಿಂಗ್ ಕರೆಂಟೆಲ್ಲ ಡ್ಯಾಶ್‌ನ ಆಮ್ಮೀಟರ್ ದಾಟಿಯೇ ಹೋಗಬೇಕು. ಎಂಜಿನ್ ಮತ್ತು ಡ್ಯಾಶ್ ನಡುವಿನ ಗೋಡೆಯಲ್ಲಿರುವ ಫೈರ್‌ವಾಲ್ ಕನೆಕ್ಟರ್ ಕಾದು ಕರಗುತ್ತದೆ. ಅದನ್ನು ಬಿಚ್ಚಿ ಪಿನ್‌ಗಳನ್ನು ಶುಚಿಗೊಳಿಸಿ, ಹೆಚ್ಚಿನ ದೀಪ, ಪಂಪು ಯಾವುದನ್ನೂ ಸೇರಿಸಬೇಡಿ. ಎಡಗಡೆಯ ಚಕ್ರದ ನಟ್ಟುಗಳು ಉಲ್ಟಾ ಮರೆಯವು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ. ಗೊತ್ತಿಲ್ಲದೆ ಬಲ ಹಾಕಿ ಸ್ಟಡ್ ಮುರಿದುಕೊಳ್ಳದ ಹೊಸಬರು ಕಡಿಮೆ.

ಮೊದಲ ಗಾಡಿ ಕೊಳ್ಳುವವರಿಗೆ ನಮ್ಮ ಆಯ್ಕೆ 1967ರ ಜಿಟಿಒ: ವಿನ್ ಸುಳ್ಳು ಹೇಳುವುದಿಲ್ಲ, ದಾಖಲೆ ಇದೆ, ಬ್ರೇಕು ಎರಡು ಕೋಣೆಯದು, ಎಂಡ್ಯೂರಾ ಮೂತಿಯ ಕಾಟವಿಲ್ಲ. ನೆರಳಿನಲ್ಲಿ ನಿಲ್ಲಿಸಿದ್ದ ಗಾಡಿಯೇ ಆಗಬೇಕು. ಪತ್ತೇದಾರಿಕೆಯ ಚಟ ಇದ್ದವರಿಗೆ 383ರ ರೋಡ್ ರನ್ನರ್. ಮಾಕ್ 1 ಒಣ ಕೌಲ್ ಇದ್ದರೆ ಮಾತ್ರ. 1969–70ರ ಷೆವೆಲ್‌ಗೆ ಬಿಲ್ಡ್ ಶೀಟ್ ಇಲ್ಲ ಎಂದಾದರೆ ಮಲಿಬುವಿನ ಬೆಲೆ ಹೇಳಿ. ಒಪ್ಪದಿದ್ದರೆ ಮಾರುವವರೇ ಇಟ್ಟುಕೊಳ್ಳಲಿ.