ಮೊದಲ ರೀಬ್ರೀದರ್: ದಾವಣಗೆರೆ ಕಡೆಯವರು ಯಾವುದನ್ನು ಕೊಳ್ಳಬೇಕು?

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ನಾಲ್ಕಾರು ಸಲ ಮುಳುಗಿ ಬಂದವರಿಗೆ ರೀಬ್ರೀದರ್, ಅಂದರೆ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ಡೈವಿಂಗ್ ಯಂತ್ರದ ಆಸೆ ಹತ್ತುವುದು ಸಹಜ. ಗುಳ್ಳೆ ಇಲ್ಲ, ಸದ್ದಿಲ್ಲ, ಮೀನು ಹತ್ತಿರಕ್ಕೇ ಬರುತ್ತದೆ, ಬಹಳ ಹೊತ್ತು ಕೆಳಗಿರಬಹುದು. ಆದರೆ ಹತ್ತಿಪ್ಪತ್ತು ಮೀಟರ್ ಆಳದಲ್ಲಿ ಮುಕ್ಕಾಲು ಗಂಟೆ ಸುತ್ತಾಡಿ ಬರುವವರಿಗೆ ಇದು ಬೇಕಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಹೊಸ ಯಂತ್ರಕ್ಕೆ ಕಸ್ಟಮ್ಸ್ ಸುಂಕ ಸೇರುವ ಮೊದಲೇ ಹಲವು ಲಕ್ಷ ರೂಪಾಯಿ ಆಗುತ್ತದೆ. ಆ ದುಡ್ಡಲ್ಲಿ ಅಂಡಮಾನ್‌ಗೆ ಹಲವು ಸಲ ಹೋಗಿ ಬರಬಹುದು. ನೀರಿನಡಿ ಫೋಟೊ ತೆಗೆಯುವವರು, 30-40 ಮೀಟರ್‌ನಲ್ಲಿ ಹೆಚ್ಚು ಹೊತ್ತು ಇರಬೇಕಾದವರು ಮುಂದೆ ಓದಿ.

ಲೆಕ್ಕ ಸರಳ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವ ಡೈವರ್ 30 ಮೀಟರ್‌ನಲ್ಲಿ 80 ಲೀಟರ್ ಖರ್ಚು ಮಾಡುತ್ತಾನೆ. ದೇಹಕ್ಕೆ ಬೇಕಾದದ್ದು ಮಾತ್ರ ಎಷ್ಟೇ ಆಳಕ್ಕೆ ಹೋದರೂ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಆಮ್ಲಜನಕ. ಮಿಕ್ಕದ್ದೆಲ್ಲ ಗುಳ್ಳೆಯಾಗಿ ಹೋಗುತ್ತದೆ. ರೀಬ್ರೀದರ್ ನಾವು ಬಿಟ್ಟ ಉಸಿರನ್ನು ಸೋಡಾ ಲೈಮ್ ಡಬ್ಬಿಯಲ್ಲಿ ಹಾಯಿಸಿ, ಕಾರ್ಬನ್ ಡೈಆಕ್ಸೈಡ್ ತೆಗೆದು, ಕಡಿಮೆ ಬಿದ್ದ ಆಮ್ಲಜನಕ ಸೇರಿಸಿ ಮತ್ತೆ ಕೊಡುತ್ತದೆ. ದಾವಣಗೆರೆ ಡಾಕ್ಟರರ ಊರು. ಅರಿವಳಿಕೆ ಯಂತ್ರ ಬಲ್ಲವರಿಗೆ ಇದೇನೂ ಹೊಸದಲ್ಲ. ಇಲ್ಲಿ ರೋಗಿಯೂ ಅರಿವಳಿಕೆ ಡಾಕ್ಟರೂ ಒಬ್ಬನೇ ಎನ್ನುವುದಷ್ಟೇ ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವಲ್ಲ: 1998ರಿಂದ 2010ರವರೆಗೆ ಜಗತ್ತಿನಾದ್ಯಂತ 181 ಹವ್ಯಾಸಿ ರೀಬ್ರೀದರ್ ಡೈವರ್‌ಗಳು ಸತ್ತದ್ದು ಲೆಕ್ಕಕ್ಕೆ ಸಿಕ್ಕಿದೆ.

ಕೊಳ್ಳುವವರು ಬ್ರ್ಯಾಂಡ್‌ನಿಂದ ಶುರು ಮಾಡುತ್ತಾರೆ. ನಮ್ಮ ಕಡೆಯವರು ಹಿಂದಿನಿಂದ ಶುರು ಮಾಡಬೇಕು: ಆಕ್ಸಿಜನ್ ಎಲ್ಲಿ ತುಂಬಿಸುವುದು, ಸೋಡಾ ಲೈಮ್ ಯಾವುದು, ಆಕ್ಸಿಜನ್ ಅಳೆಯುವ ಸೆಲ್ ಎಲ್ಲಿಂದ ತರಿಸುವುದು. ಈ ಮೂರಕ್ಕೆ ಉತ್ತರ ಇಲ್ಲದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅಟ್ಟ ಸೇರುತ್ತದೆ.

ಆಕ್ಸಿಜನ್ ಅಷ್ಟು ದೊಡ್ಡ ತಲೆನೋವಲ್ಲ. ಆಸ್ಪತ್ರೆಗಳಿಗೆ ಹೋಗುವ 7 ಘನ ಮೀಟರ್‌ನ ದೊಡ್ಡ ಸಿಲಿಂಡರ್‌ನ ಒಳಗಾತ್ರ ಸುಮಾರು 47 ಲೀಟರ್. ಅದರಲ್ಲಿ 140 ಬಾರ್ ಇದ್ದರೆ, ಖಾಲಿ ಇರುವ 3 ಲೀಟರ್ ಬಾಟಲಿಗೆ ಹೋಸ್ ಹಾಕಿ ಬಿಟ್ಟಾಗ ಎರಡೂ 131 ಬಾರ್‌ಗೆ ಬಂದು ನಿಲ್ಲುತ್ತವೆ. ಅಂದರೆ 390 ಲೀಟರ್. ನಿಮಿಷಕ್ಕೊಂದು ಲೀಟರ್‌ನಂತೆ ಆರು ಗಂಟೆ. 200 ಬಾರ್ ಬೇಕೇ ಬೇಕು ಎಂದು ಬೂಸ್ಟರ್ ಪಂಪಿಗೆ ದುಡ್ಡು ಸುರಿಯುವುದು ಮೊದಲ ವರ್ಷ ದಂಡ. ವಾಲ್ವ್ ಮಾತ್ರ ಬಹಳ ನಿಧಾನಕ್ಕೆ ತೆರೆಯಬೇಕು. ಫಟ್ಟನೆ ತಿರುಗಿಸಿದರೆ ಗ್ಯಾಸ್ ಒತ್ತಿಕೊಂಡು ಬಿಸಿಯಾಗಿ ಒಳಗಿನ ಸೀಟ್ ಹೊತ್ತಿಕೊಳ್ಳಬಹುದು. ಕೊಬ್ಬರಿ ಎಣ್ಣೆ, ಗ್ಯಾರೇಜ್ ಗ್ರೀಸ್, ಸಾಮಾನ್ಯ ಸಿಲಿಕೋನ್ ಗ್ರೀಸ್ ಯಾವುದೂ ಆಕ್ಸಿಜನ್ ಭಾಗಕ್ಕೆ ತಾಗಬಾರದು, ಆಕ್ಸಿಜನ್‌ಗೆಂದೇ ಮಾಡಿದ ಗ್ರೀಸ್ ಬೇಕು. ಇನ್ನೊಂದು, ಯಂತ್ರದ ಜೊತೆ ವಿದೇಶದಿಂದ ಬರುವ ಬಾಟಲಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮದ ಪ್ರಕಾರ ಪೆಸೊ (ಗ್ಯಾಸ್ ಸಿಲಿಂಡರ್‌ಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಅನುಮೋದನೆ ಬೇಕು. ಇಲ್ಲದಿದ್ದರೆ ತುಂಬುವವರು ಕೈ ಹಾಕುವುದಿಲ್ಲ. ಆರ್ಡರ್ ಕೊಡುವ ಮೊದಲೇ ಕೇಳಿಕೊಳ್ಳಿ.

ಸೋಡಾ ಲೈಮ್ ವಿಷಯದಲ್ಲಿ ದಾವಣಗೆರೆಯಲ್ಲೊಂದು ಆಮಿಷ ಇದೆ. ಅರಿವಳಿಕೆಗೆ ಬಳಸುವ ಸೋಡಾ ಲೈಮ್ ಸರ್ಜಿಕಲ್ ಅಂಗಡಿಯಲ್ಲಿ ಕೇಳಿದರೆ ಸಿಕ್ಕೀತು. ಅದು ಬೇಡ. ಅದರ ಹರಳು ಸಾಮಾನ್ಯವಾಗಿ 2.5ರಿಂದ 5 ಮಿ.ಮೀ.; ಡೈವಿಂಗ್‌ಗೆ ಬಳಸುವ ಸೋಫ್ನೊಲೈಮ್ 797ರ ಹರಳು 1ರಿಂದ 2.5 ಮಿ.ಮೀ. ಹರಳು ದಪ್ಪವಾದಷ್ಟೂ ಗ್ಯಾಸ್‌ಗೆ ತಾಗುವ ಮೈ ಕಡಿಮೆ, ಆಳದಲ್ಲಿ ಡಬ್ಬಿ ಬೇಗ ಸೋಲುತ್ತದೆ. ಬಣ್ಣ ನೇರಳೆಗೆ ತಿರುಗುವುದನ್ನು ನೋಡಿ ಬದಲಿಸುವ ರೂಢಿಯನ್ನೂ ಇಲ್ಲಿ ಬಿಡಬೇಕು, ಇಟ್ಟಲ್ಲೇ ಇಟ್ಟರೆ ಆ ಬಣ್ಣ ಮತ್ತೆ ಬಿಳಿಯಾಗುತ್ತದೆ. ಡಬ್ಬಿಯ ಆಯಸ್ಸು ಗಡಿಯಾರದಿಂದ ಮಾತ್ರ. 20 ಕಿಲೋ ಕ್ಯಾನ್ ಒಂದರಲ್ಲಿ ಎರಡೂವರೆ ಕಿಲೋ ಡಬ್ಬಿ ಎಂಟು ಸಲ ತುಂಬುತ್ತದೆ. ತೆರೆದ ಕ್ಯಾನ್ ಬಿಗಿಯಾಗಿ ಮುಚ್ಚಿಡದಿದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ಹರಳಿನ ತೇವ ಆರುತ್ತದೆ. ತೇವವಿಲ್ಲದ ಸೋಡಾ ಲೈಮ್ ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಿಲ್ಲ.

ತುಂಬುವುದು ಕೈಕೆಲಸ. ಮೂರನೇ ಒಂದು ಭಾಗ ಸುರಿದು, ಸೇರಿನಲ್ಲಿ ಅಕ್ಕಿ ಕುಕ್ಕುವ ಹಾಗೆ ಡಬ್ಬಿಯ ಸುತ್ತ ಕೈಯಿಂದ ತಟ್ಟಿ, ಇಳಿದಷ್ಟು ಮತ್ತೆ ಸುರಿದು, ಕೊನೆಗೆ ಸ್ಪ್ರಿಂಗ್ ಪ್ಲೇಟ್ ಬಿಗಿಯಾಗಿ ಕೂರುವವರೆಗೆ ತುಂಬಬೇಕು. ಅಲ್ಲಾಡಿಸಿದಾಗ ಸರಸರ ಸದ್ದು ಬಂದರೆ ಒಳಗೆ ಸಂದು ಉಳಿದಿದೆ. ಉಸಿರು ಆ ಸಂದಿನಲ್ಲೇ ನುಸುಳಿ ತೊಳೆಯದೆ ವಾಪಸ್ ಬರುತ್ತದೆ. ತಲೆನೋವು, ಏದುಸಿರು, ದಿಗಿಲು, ಆಮೇಲೆ ಎಚ್ಚರ ತಪ್ಪುವುದು. ನೀರು ನುಗ್ಗಿದರೆ ಸುಡುವ ಕ್ಷಾರದ ನೀರು ಬಾಯಿಗೇ ಬರುತ್ತದೆ.

ಆಕ್ಸಿಜನ್ ಸೆಲ್‌ಗಳು ಯಂತ್ರದ ಕಣ್ಣು, ಹೆಚ್ಚಿನವುಗಳಲ್ಲಿ ಮೂರು ಇರುತ್ತವೆ. ಗಾಳಿಯಲ್ಲಿ 10 ಮಿಲಿವೋಲ್ಟ್ ತೋರಿಸುವ ಸೆಲ್ ಶುದ್ಧ ಆಕ್ಸಿಜನ್‌ನಲ್ಲಿ 47-48 ತೋರಿಸಬೇಕು. 42ಕ್ಕೇ ನಿಂತರೆ ಅದು ಸಾಯುತ್ತಿದೆ. ಬಳಸಲಿ ಬಿಡಲಿ, 12ರಿಂದ 18 ತಿಂಗಳಿಗೆ ಬದಲಿಸಬೇಕು, ಹೀಗಾಗಿ ಸ್ಟಾಕ್ ಮಾಡಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮವರು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ 700 ದಾಟುತ್ತದೆ. ಇಲ್ಲಿ ಗಾಳಿಯ ಒತ್ತಡ 0.94, 0.93 ಬಾರ್ ಅಷ್ಟೇ. ಮನೆಯಲ್ಲೇ ಕ್ಯಾಲಿಬ್ರೇಟ್ ಮಾಡಿ, ಹ್ಯಾಂಡ್‌ಸೆಟ್ (ಸೆಲ್‌ಗಳ ಲೆಕ್ಕ ತೋರಿಸುವ ಪರದೆ) ಅದನ್ನು ಸಮುದ್ರಮಟ್ಟ ಎಂದುಕೊಂಡರೆ, ಕೆಳಗೆ ಆಕ್ಸಿಜನ್ ಒತ್ತಡ 1.3 ಬಾರ್ ಎಂದು ತೋರಿಸುವಾಗ ಉಸಿರು ಸುತ್ತುವ ಲೂಪ್‌ನಲ್ಲಿರುವುದು 1.2 ಮಾತ್ರ. ಮೇಲೇರುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎನ್ನುವ ಡಿಕಂಪ್ರೆಷನ್ ಲೆಕ್ಕ ತಪ್ಪುತ್ತದೆ. ಒತ್ತಡವನ್ನು ತಾನೇ ಅಳೆಯುವ ಹ್ಯಾಂಡ್‌ಸೆಟ್ ಇರುವ ಯಂತ್ರವನ್ನೇ ಆರಿಸಿ, ಹಾಗಿದ್ದರೂ ಕ್ಯಾಲಿಬ್ರೇಷನ್ ಮುರುಡೇಶ್ವರದಲ್ಲೇ ಆಗಲಿ.

ಇನ್ನು ಯಂತ್ರಗಳು. ಮೊದಲ ಖರೀದಿಗೆ ನಮ್ಮ ಮತ ಜೆಜೆ-ಸಿಸಿಆರ್‌ಗೆ. ಗಟ್ಟಿ ಅಲ್ಯೂಮಿನಿಯಂ ಮೈ, ಬಿಡಿ ಸೋಡಾ ಲೈಮ್ ತುಂಬುವ ಡಬ್ಬಿ, ಶಿಯರ್‌ವಾಟರ್ ಕಂಪನಿಯ ಹ್ಯಾಂಡ್‌ಸೆಟ್, ಕಣ್ಣೆದುರಿಗೆ ಬೇರೆಯೇ ಒಂದು ಸೂಚಕ. ಭಾರ ಇದೆ, ದೋಣಿಯಲ್ಲಿ ಇನ್ನೊಬ್ಬರ ಕೈ ಬೇಕು. ಎಪಿ ಇನ್‌ಸ್ಪಿರೇಷನ್ 1997ರಿಂದ ಮಾರುಕಟ್ಟೆಯಲ್ಲಿದೆ. ಡಬ್ಬಿಯೊಳಗೆ ಬಿಸಿ ಎಲ್ಲಿಯವರೆಗೆ ಸಾಗಿದೆ ಎಂದು ತೋರಿಸುವ ಟೆಂಪ್‌ಸ್ಟಿಕ್ ಅದರ ನಿಜವಾದ ಬಲ. ಹ್ಯಾಂಡ್‌ಸೆಟ್ ಮಾತ್ರ ಎಪಿ ಕಂಪನಿಯದ್ದೇ, ಕೆಟ್ಟರೆ ಅವರ ಬಳಿಗೇ ಹೋಗಬೇಕು. ಪೊಸೈಡನ್ ಹಗುರ, ಡೈವ್‌ಗೆ ಮೊದಲಿನ ಪರೀಕ್ಷೆಗಳನ್ನು ಹೆಚ್ಚಾಗಿ ತಾನೇ ಮಾಡಿಕೊಳ್ಳುತ್ತದೆ. ಆದರೆ ಅದರ ಮನಸ್ಸಿಗೆ ಬರದಿದ್ದರೆ ಡೈವ್‌ಗೆ ಬಿಡುವುದಿಲ್ಲ, ಬಿಡಿಭಾಗ ದೂರವಿರುವ ಊರಿನವರಿಗೆ ಅದು ಕಿರಿಕಿರಿ. ಕಿಸ್ ಸೈಡ್‌ವೈಂಡರ್‌ನಂಥ ಕೈಯಿಂದ ಆಕ್ಸಿಜನ್ ಸೇರಿಸುವ ಯಂತ್ರ ಎರಡನೆಯ ಖರೀದಿಗೆ ಇರಲಿ. ಯಾವುದೇ ಇರಲಿ, ರೀಬ್ರೀದರ್‌ಗಳ ಯುರೋಪಿಯನ್ ಮಾನದಂಡ ಇಎನ್ 14143 ಪ್ರಕಾರ ಸಿಇ ಪರೀಕ್ಷೆ ಆಗಿದೆಯೇ ನೋಡಿ, ಕೋರ್ಸ್ ಕೂಡ ಅದೇ ಮಾದರಿಯಲ್ಲಿ ಮಾಡಿ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಅಭ್ಯಾಸಕ್ಕೆ ಮಾರಿಕಣಿವೆ ಹತ್ತಿರವಲ್ಲವೇ ಎನ್ನುವವರೂ ಇದ್ದಾರೆ. ಅನುಮತಿಯಿಲ್ಲದೆ ಇಳಿಯುವ ಜಾಗ ಅದಲ್ಲ, ಹೊಸ ಯಂತ್ರ ಕಲಿಯುವುದಕ್ಕೆ ಮೊದಲು ಈಜುಕೊಳವೇ ಸರಿ.

ಯಂತ್ರದ ಜೊತೆ ಬಿಒವಿ, ಅಂದರೆ ಬಾಯಿಂದ ತೆಗೆಯದೆಯೇ ಸಾಮಾನ್ಯ ಗಾಳಿಗೆ ಬದಲಾಯಿಸಬಹುದಾದ ಮೌತ್‌ಪೀಸ್ ಹಾಕಿಸಿ. ಕಾರ್ಬನ್ ಡೈಆಕ್ಸೈಡ್ ಹೊಡೆತ ತಿಂದವನಿಗೆ ಮೌತ್‌ಪೀಸ್ ಬಾಯಿಂದ ತೆಗೆಯುವಷ್ಟೂ ಉಸಿರು ಬಿಡುವು ಕೊಡುವುದಿಲ್ಲ. ಯಂತ್ರ ಕೈಕೊಟ್ಟಾಗ ಉಸಿರಾಡಲು ಪಕ್ಕದಲ್ಲಿ ಇಟ್ಟುಕೊಳ್ಳುವ ಬೇಲ್‌ಔಟ್ ಸಿಲಿಂಡರ್ 11 ಲೀಟರಿನದ್ದೇ ಇರಲಿ: 30 ಮೀಟರ್‌ನಲ್ಲಿ ಏದುಸಿರು ಬಿಡುತ್ತಾ ಎರಡು ನಿಮಿಷ ಸುಧಾರಿಸಿಕೊಂಡು, ನಿಧಾನಕ್ಕೆ ಏರಿ, 5 ಮೀಟರ್‌ನಲ್ಲಿ ನಿಂತು ಬರುವಷ್ಟರಲ್ಲಿ ಸುಮಾರು 900 ಲೀಟರ್ ಖಾಲಿ.

ನೀರಿಗೆ ಇಳಿಯುವ ಮೊದಲು, ಉಸಿರು ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ಮಶ್ರೂಮ್ ವಾಲ್ವ್ ಎರಡನ್ನೂ ಒಂದೊಂದು ಹೋಸ್ ಹಿಚುಕಿ ಹಿಡಿದು, ಊದಿ ಎಳೆದು ನೋಡಿ. ಒಂದು ಮಡಚಿಕೊಂಡಿದ್ದರೆ ಹೊಸ ಸೋಡಾ ಲೈಮ್ ಕೂಡ ಉಳಿಸದು. ಬೋರ್‌ವೆಲ್ ನೀರಲ್ಲಿ ತೊಳೆದರೆ ಬಿಳಿ ಪದರ ಕಟ್ಟಿ ಈ ತೆಳು ರಬ್ಬರ್ ಸರಿಯಾಗಿ ಕೂರುವುದಿಲ್ಲ, ಫಿಲ್ಟರ್ ನೀರು ಬಳಸಿ. ಆಮೇಲೆ ಒಳಗಿನ ಗಾಳಿ ಎಳೆದು ಒಂದು ಸಲ, ಊದಿ ತುಂಬಿಸಿ ಇನ್ನೊಂದು ಸಲ ಸೋರಿಕೆ ಪರೀಕ್ಷೆ. ಕೊನೆಗೆ ಐದು ನಿಮಿಷ ಕುಳಿತು, ಹ್ಯಾಂಡ್‌ಸೆಟ್ ನೋಡುತ್ತಾ ಉಸಿರಾಟ. ಇದರಿಂದ ಆಕ್ಸಿಜನ್ ಸರಿಯಾಗಿ ಸೇರುತ್ತಿದೆಯೇ ಎಂದು ಗೊತ್ತಾಗುತ್ತದೆ. ಸೋಡಾ ಲೈಮ್ ಕೆಲಸ ಮಾಡುತ್ತಿದೆಯೇ ಎಂದು ನಂಬುವಂತೆ ಗೊತ್ತಾಗುವುದಿಲ್ಲ. ಆಕ್ಸಿಜನ್ ವಾಲ್ವ್ ತೆರೆಯಲು ಮರೆತರೆ ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ, ಆದ್ದರಿಂದ ಈ ಐದು ನಿಮಿಷ ನಿಂತುಕೊಂಡು ಮಾಡಬೇಡಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಳ್ಳಿಹಾಕಬೇಕಿಲ್ಲ. ಸೆಲ್‌ಗಳ ತಯಾರಿ ದಿನಾಂಕ, ಸಿಲಿಂಡರ್‌ಗಳ ಹೈಡ್ರೊ ಟೆಸ್ಟ್ (ಒತ್ತಡ ಪರೀಕ್ಷೆ) ಮುದ್ರೆ, ಡಬ್ಬಿಯ ಓ-ರಿಂಗ್ ಕೂರುವ ತೋಡು, ಬ್ಯಾಟರಿ ಗೂಡಿನ ಹಸಿರು ಕಿಲುಬು, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಸೆಲ್ ಮೂರೂ ಹಳೆಯವು, ಹೋಸ್‌ಗಳೂ ಬದಲಾಗಬೇಕು ಎಂದಾದರೆ ಆ ಖರ್ಚನ್ನು ಹೇಳಿದ ಬೆಲೆಯಿಂದ ಮುರಿದೇ ಮಾತಾಡಿ.