ಹಂದಿ ಬೇಟೆಗೆ ಮಾರ್ಲಿನ್ 336: ಹತ್ತಿರಕ್ಕೆ ಗಟ್ಟಿ, ದೂರಕ್ಕೆ ಬೇಡ

ಪೊದೆಗಳ ನಡುವೆ, 100 ಗಜದೊಳಗೆ ಕಾಡುಹಂದಿ ಹೊಡೆಯುವವರಿಗೆ .30-30 ಅಳತೆಯ ತೋಟಾ ಹಾರಿಸುವ ಮಾರ್ಲಿನ್ 336 ಇವತ್ತಿಗೂ ಹೇಳಿ ಮಾಡಿಸಿದ ಬಂದೂಕು. 1948ರಿಂದ ಬಂದಿರುವ ಲಿವರ್ ರೈಫಲ್ ಇದು; ಟ್ರಿಗರ್ ಸುತ್ತಲಿನ ಹಿಡಿಯನ್ನು (ಲಿವರ್) ಕೆಳಗೆ ಚಾಚಿ ಮುಚ್ಚಿದರೆ ಮುಂದಿನ ತೋಟಾ ಏರುತ್ತದೆ. ಈಗ ರೂಗರ್ ಕಂಪನಿ ತಯಾರಿಸುತ್ತಿದೆ. ನಳಿಗೆ 20 ಇಂಚು ಚಿಲ್ಲರೆ, ತೂಕ ಸುಮಾರು ಮೂರೂವರೆ ಕಿಲೋ, ಕೊಳವೆ ಮ್ಯಾಗಜೀನ್‌ನಲ್ಲಿ 6 ತೋಟಾ. ಖಾಲಿ ತೋಟಾ ಪಕ್ಕಕ್ಕೆ ಹಾರುವುದರಿಂದ ಸ್ಕೋಪನ್ನು ನೇರ ಮೇಲೆಯೇ ಕೂರಿಸಬಹುದು.

ಗುಂಡಿನ ಆಯ್ಕೆಯಲ್ಲಿ ಉದಾಸೀನ ಸಲ್ಲದು. ಕೊಳವೆಯೊಳಗೆ ತೋಟಾಗಳು ಒಂದರ ಹಿಂದೊಂದು ನಿಲ್ಲುತ್ತವೆ; ಗಟ್ಟಿ ಚೂಪು ಮೊನೆಯದು ಹಾಕಿದರೆ ಬಂದೂಕು ಒದ್ದಾಗ ಮುಂದಿನ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಕುಟ್ಟಿ ಒಳಗೇ ಸಿಡಿಯಬಹುದು. ಚಪ್ಪಟೆ ಮೂತಿಯ 170 ಗ್ರೇನ್ (ಸುಮಾರು 11 ಗ್ರಾಂ) ಗುಂಡೇ ಸರಿ, ಇಲ್ಲವೇ ಮೆತ್ತನೆ ತುದಿಯ, ಹಾರ್ನಡಿ ಕಂಪನಿಯ ಲಿವರ್‌ಎವಲ್ಯೂಷನ್. ಬಲಿತ ಗಂಡುಹಂದಿಯ ಭುಜದ ಮೇಲಿನ ದಪ್ಪ ಗುರಾಣಿ ಚರ್ಮವನ್ನು ದಾಟಲು ಆ ತೂಕ ಬೇಕು.

ಗುರಿಯ ವಿಷಯದಲ್ಲಿ ಜಿಂಕೆಯ ಲೆಕ್ಕ ಇಲ್ಲಿ ನಡೆಯದು. ಹಂದಿಯ ಹೃದಯ, ಶ್ವಾಸಕೋಶ ಕೆಳಗೂ ಮುಂದಕ್ಕೂ ಇರುತ್ತವೆ. ಭುಜದ ಹಿಂದೆ ಹೊಡೆದರೆ ಗುಂಡು ಹೊಟ್ಟೆಗೆ ಬೀಳುತ್ತದೆ, ಹಂದಿ ಗಾಯಗೊಂಡು ಪೊದೆ ಸೇರುತ್ತದೆ. ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹಿಡಿಯಿರಿ.

ಆತುರದಲ್ಲಿ ಲಿವರನ್ನು ಅರ್ಧಕ್ಕೇ ಎಳೆದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಚಾಚಿ ಪೂರ್ತಿ ಮುಚ್ಚಬೇಕು. 100 ಗಜದಲ್ಲಿ ಗುರಿಗೆ ಸರಿಯಾಗಿ ಬೀಳುವಂತೆ ಹೊಂದಿಸಿದ (ಸೊನ್ನೆ ಮಾಡಿದ) ಗುಂಡು 200 ಗಜದಲ್ಲಿ ಸುಮಾರು 8 ಇಂಚು ಕೆಳಗಿಳಿಯುತ್ತದೆ. ಬಯಲಲ್ಲಿ ಹಿಂಡು ಹೊಡೆಯುವವರು .308 ತೋಟಾದ ಸೆಮಿ ಆಟೋ (ಪ್ರತಿ ಹೊಡೆತದ ನಂತರ ತಾನೇ ಮುಂದಿನ ತೋಟಾ ಏರಿಸಿಕೊಳ್ಳುವ) ರೈಫಲ್ ಕಡೆ ನೋಡುವುದು ಲೇಸು.